ಶೂನ್ಯ, ಆಕಾಶ, ನಿರ್ವಾತ: ಶಬ್ದಾರ್ಥ ವಿವೇಚನೆ

ಶಾಸ್ತ್ರಗ್ರಂಥಗಳನ್ನು ಕನ್ನಡಿಸುವಾಗ ‘ಅಲೋಕಾಕಾಶ’ ಎಂಬುದಕ್ಕೆ ‘ಶೂನ್ಯ’ವೆಂದೋ ‘ನಿರ್ವಾತ’ವೆಂದೋ ಅರ್ಥ ಬರೆದುಬಿಡುವುದು ಸುಲಭ. ಆದರೆ ಅದರಿಂದ ಸಿದ್ಧಾಂತಕ್ಕೇ ಬಾಧೆಯುಂಟು.

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ಪ್ರಕಾರ ಆಕಾಶವು ಒಂದು ದ್ರವ್ಯ. ಇತರ ದ್ರವ್ಯಗಳಿಗೆ ಎಡೆಗೊಡುವುದು ಅದರ ಉಪಕಾರ. ಆ ದ್ರವ್ಯಗಳಿರುವಷ್ಟು ಭಾಗ ಲೋಕಾಕಾಶ. ಅದರಾಚೆ ಅನಂತವಾಗಿ ಹರಡಿರುವುದು ಅಲೋಕಾಕಾಶ. ಗತಿಗೆ ನೆರವಾಗುವ ಧರ್ಮದ್ರವ್ಯವು ಅಲ್ಲಿಲ್ಲದ ಕಾರಣ ಊರ್ಧ್ವಗಾಮಿಯಾದ ಮುಕ್ತಾತ್ಮನೂ ಲೋಕಾಗ್ರದಲ್ಲಿಯೇ ನಿಲ್ಲುತ್ತಾನೆ. ಎಂದರೆ ಅಲೋಕವು ಅನ್ಯದ್ರವ್ಯಗಳಿಂದ ಬರಿದಾದುದೇ ಹೊರತು ತಾನೇ ಇಲ್ಲದುದಲ್ಲ. ಅದನ್ನು ಬರಿಯ ‘ಶೂನ್ಯ’ವೆಂದರೆ ಅಸ್ತಿಕಾಯವೊಂದು ಅಭಾವವಾಗಿಬಿಡುತ್ತದೆ, ಓದುಗನು ಅರಿಯದೆಯೇ ಮಾಧ್ಯಮಿಕರ ಹೊಸ್ತಿಲಲ್ಲಿ ನಿಲ್ಲುತ್ತಾನೆ. (ಅವರ ಶೂನ್ಯವೂ ಬರಿಯ ಅಭಾವವಲ್ಲವೆಂಬುದು ಬೇರೆಯ ಮಾತು.) ಇಂತಹ ಸ್ಥಳಗಳಲ್ಲಿ ಮೂಲಶಬ್ದವನ್ನೇ ಉಳಿಸಿ ವಿವರಿಸುವುದು ಲೇಸು.

‘ಶೂನ್ಯ’ ಶಬ್ದವು ‘ಯಾವುದರಿಂದ?’ ಎಂಬ ಅಪೇಕ್ಷೆಯೊಡನೆಯೇ ಬರುತ್ತದೆ. ಅಚೌರ್ಯವ್ರತದ ಭಾವನೆಗಳಲ್ಲಿ ಶೂನ್ಯಾಗಾರವಾಸವೂ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಗಿರಿಗುಹೆ, ಮರದ ಪೊಟರೆ ಮೊದಲಾದುವನ್ನು ಶೂನ್ಯಾಗಾರಗಳೆಂದಿದ್ದಾರೆ. ಗುಹೆಯಲ್ಲಿ ಗಾಳಿಯುಂಟು, ಇಲ್ಲದವನು ಒಡೆಯ ಮಾತ್ರ.

ಗಣಿತದಲ್ಲಿ ವ್ಯವಹಾರವೇ ಬೇರೆ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಆಕಾಶ, ಗಗನ, ಅಂಬರ, ಖ ಇವೆಲ್ಲ ಸೊನ್ನೆಯ ಹೆಸರುಗಳು. ‘ಸೊನ್ನೆ’ಯಾದರೂ ಶೂನ್ಯದ ತದ್ಭವವೇ. ಪ್ರತಿಯ ಅಂತ್ಯದಲ್ಲಿ ಶಕವರ್ಷವನ್ನು ‘ಗಗನ-ಶರ-ಶೈಲ-ಚಂದ್ರ’ ಎಂದು ಬರೆದಿದ್ದರೆ 0, 5, 7, 1 ಎಂಬ ಅಂಕಗಳನ್ನು ಬಲದಿಂದ ಎಡಕ್ಕೆ ಜೋಡಿಸಿ 1750 ಎಂದು ಗ್ರಹಿಸಬೇಕು. ಅಲ್ಲಿ ಗಗನಕ್ಕೆ ದ್ರವ್ಯಾರ್ಥವನ್ನು ಹುಡುಕುವುದು ವ್ಯರ್ಥ.

‘ನಿರ್ವಾತ’ದ ಕಥೆ ಸ್ವಾರಸ್ಯವಾದುದು. ಪಾಣಿನಿಯ ಎಂಟನೆಯ ಅಧ್ಯಾಯದ ಸೂತ್ರವೊಂದರಂತೆ ಬೆಂಕಿ ಆರಿದರೆ, ಮುನಿಯು ಉಪಶಾಂತನಾದರೆ ‘ನಿರ್ವಾಣ’ವೆಂಬ ರೂಪ ಸಿದ್ಧಿಸುತ್ತದೆ, ಗಾಳಿಯೇ ನಿಂತರೆ ಮಾತ್ರ ‘ನಿರ್ವಾತ’. ಹೀಗೆ ಮೋಕ್ಷವಾಚಕವಾದ ಶಬ್ದವೂ ಇದೂ ಒಂದೇ ಧಾತುವಿನವು. ‘ಗಾಳಿಯಿಲ್ಲದ ಎಡೆ’ ಎಂಬ ಸಮಾಸಾರ್ಥ ಬೇರೆ; ಪ್ರಾಚೀನ ಕಾವ್ಯಗಳ ನಿಶ್ಚಲ ದೀಪ ಉರಿಯುವುದು ಅಂತಹ ಎಡೆಯಲ್ಲಿ. ಅಲ್ಲಿ ಇಲ್ಲದುದು ಬೀಸುವ ಗಾಳಿ. ವಾಯುವೇ ಇಲ್ಲದಿದ್ದರೆ ದೀಪ ಉರಿಯದು.

ಆಧುನಿಕ ವಿಜ್ಞಾನದ ಕನ್ನಡವು ಈ ಶಬ್ದಕ್ಕೆ ವಾಯುವನ್ನು ಹೊರತೆಗೆದ ಎಡೆಯೆಂಬ ಅರ್ಥವನ್ನು ಕೊಟ್ಟಿತು. ಪ್ರಯೋಗಶಾಲೆಯಲ್ಲಿ ಅದು ಯುಕ್ತವೇ. ಆದರೆ ಗಾಳಿ ತೆಗೆದ ಗಾಜಿನ ನಳಿಗೆಯ ಮೂಲಕ ಬೆಳಕು ಹಾಯುತ್ತದೆ. ಜೈನಮತದಲ್ಲಿ ಬೆಳಕು ಪುದ್ಗಲದ ಪರ್ಯಾಯ. ಅದು ಚಲಿಸುವಲ್ಲಿ ಧರ್ಮದ್ರವ್ಯವೂ ಇರಲೇಬೇಕು. ಆ ನಳಿಗೆಯ ಒಳಗೂ ಲೋಕಾಕಾಶವೇ.