ತಾಸಿನ ಸೈಕಲ್ಲು, ಸುಲ್ತಾನನ ಕೊಂಕಣ

ವಿದೇಶಿ ಪ್ರವಾಸಿಗರು ಒಂದು ಕಾಲಕ್ಕೆ ಬಗಲಚೀಲದಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದ 'ರಫ್ ಗೈಡ್' ಪುಸ್ತಕದ ಹಳೆಯ ಆವೃತ್ತಿಗಳಲ್ಲಿ ಈಗ ವಿಜಯಪುರವೆನ್ನುವ ನಮ್ಮ ಬಿಜಾಪುರಕ್ಕೂ ಕೆಲವು ಪುಟಗಳಿದ್ದವು. ಗೋಳಗುಮ್ಮಟ, ಇಬ್ರಾಹಿಂ ರೋಜಾಗಳ ವರ್ಣನೆ ಇರಲಿ, ಅದು ಎಲ್ಲ ಪುಸ್ತಕಗಳಲ್ಲೂ ಇದ್ದದ್ದೇ. ನನ್ನ ಕಣ್ಣು ನಿಂತದ್ದು ಊರೊಳಗೆ ಓಡಾಡುವುದು ಹೇಗೆ ಎಂಬ ಸಣ್ಣ ಟಿಪ್ಪಣಿಯ ಮೇಲೆ. ಊರು ಸಪಾಟಾಗಿದೆ, ಗದ್ದಲ ಕಡಿಮೆ, ಸೈಕಲ್ಲೇ ವಾಸಿ, ಸ್ಟೇಷನ್ ರಸ್ತೆಯ ಅಂಗಡಿಗಳಲ್ಲಿ ತಾಸಿನ ಲೆಕ್ಕದಲ್ಲಿ ಹೀರೋ ಸೈಕಲ್ ಬಾಡಿಗೆಗೆ ಸಿಗುತ್ತದೆ ಎಂಬ ಅರ್ಥದ ಮಾತು ಅಲ್ಲಿತ್ತು. ಗದ್ದಲ ಕಡಿಮೆ ಎಂಬುದನ್ನು ಇಂದಿನ ಸ್ಟೇಷನ್ ರಸ್ತೆಯಲ್ಲಿ ನಿಂತು ಓದಿದರೆ ನಗು ಬರುತ್ತದೆ. ಸೈಕಲ್ ಬಾಡಿಗೆ ಎಂಬಲ್ಲಿಗೆ ಬಂದಾಗ ನಗು ನಿಲ್ಲುತ್ತದೆ.

ಈ ರಸ್ತೆಗೆ ಹೆಸರು ಕೊಟ್ಟ ಸ್ಟೇಷನ್ ಬಂದದ್ದು ಬರದಿಂದ. 1876–78ರ ಭೀಕರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ ಅಕ್ಷರಶಃ ಬರಿದಾಯಿತು. 1872ರಲ್ಲಿ ಎಂಟು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಎಣಿಕೆಯಲ್ಲಿ ಆರೂವರೆ ಲಕ್ಷದೊಳಗೆ ಇಳಿದಿತ್ತು. ಕಾಳು ಸಾಗಿಸಲು ದಾರಿಯೇ ಇರಲಿಲ್ಲವೆಂದು ಮನವರಿಕೆಯಾದ ಮೇಲೆ ಹೊಟಗಿ–ಗದಗ ಮೀಟರ್ ಗೇಜ್ ಹಳಿ ಬಿತ್ತು. 1880ರ ದಶಕದ ಮಧ್ಯದ ಹೊತ್ತಿಗೆ ಗುಮ್ಮಟದ ಕೂಗಳತೆಯಲ್ಲಿ ರೈಲು ಸಿಳ್ಳೆ ಹಾಕಿತು. 1885ರಲ್ಲಿ ಜಿಲ್ಲಾ ಕೇಂದ್ರವೂ ಕಲಾದಗಿಯಿಂದ ಇಲ್ಲಿಗೆ ಬಂತು. ಪಾಳುಬಿದ್ದ ಅರಮನೆಗಳಲ್ಲಿ ಕಚೇರಿಗಳು ಕೂತವು, ಬುಖಾರಿ ಮಸೀದಿಯಲ್ಲಿ ಅಂಚೆ ಕಚೇರಿ ನಡೆಯಿತು. ಅದಕ್ಕೂ ಮೊದಲೇ, 1854ರಲ್ಲಿ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನು ಲಿಲಾವಿಗಿಟ್ಟು 150 ರೂಪಾಯಿಗೆ ಬಿಟ್ಟುಕೊಡಲು ಆಗಿನ ಅಧಿಕಾರಿಗಳು ಹೊರಟಿದ್ದರು. ಮೇಲಿನವರು ತಡೆದದ್ದರಿಂದ ಅದು ಇಂದಿಗೂ ಪಡುವಣ ಕೋಟೆಗೋಡೆಯ ಮೇಲಿದೆ. ಇದ್ದುದರ ಬೆಲೆ ತಿಳಿಯದಿರುವುದು ಈ ಊರಿನ ಆಡಳಿತಕ್ಕೆ ಹೊಸ ಚಾಳಿಯೇನಲ್ಲ.

ಆಮೇಲಿನ ಎಷ್ಟೋ ದಶಕಗಳನ್ನು ಹಾರಿ ನೇರ ಸೈಕಲ್ ಅಂಗಡಿಗೆ ಬರುತ್ತೇನೆ. ಟಾಂಗಾಗಳ ಸಾಲು ದಾಟಿದರೆ ಒಂದು ಕಟ್ಟಿಗೆಯ ಡಬ್ಬಿ ಅಂಗಡಿ. ಮುಂದೆ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಸಿ ನಿಲ್ಲಿಸಿದ ಸೈಕಲ್ಲುಗಳು, ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಒಳಗೆ ಗೋಡೆಗೆ ತೂಗಿದ ಹಳೇ ಟ್ಯೂಬುಗಳು, ಪಂಚರ್ ನೋಡಲು ನೀರು ತುಂಬಿದ ಬೋಗುಣಿ, ಒಂದು ಅಲಾರಂ ಗಡಿಯಾರ, ದಾರ ಕಟ್ಟಿದ ವಹಿ. ಗುರುತಿನವರಾದರೆ 'ಯಾರ ಮಗನಲೇ ನೀ?' ಎಂಬ ಒಂದು ಪ್ರಶ್ನೆಯೇ ಠೇವಣಿ. ಪರ ಊರಿನವರಾದರೆ ಕೈಗಡಿಯಾರ ಬಿಚ್ಚಿಡಬೇಕು. ಕಾಲು ನಿಲುಕದ ಹುಡುಗರು ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಒಂದು ಕಡೆ ವಾಲಿಕೊಂಡು, ಒಳಪೆಡಲು ಹೊಡೆಯುತ್ತ ಗುಮ್ಮಟದವರೆಗೆ ಹೋಗಿಬರುತ್ತಿದ್ದರು. ತಾಸು ಮುಗಿಯುವುದಕ್ಕೆ ಎರಡು ನಿಮಿಷ ಇದ್ದಾಗ ಏದುಸಿರು ಬಿಡುತ್ತ ವಾಪಸು. ಮೂರು ನಿಮಿಷ ತಡವಾದರೆ ಇನ್ನರ್ಧ ತಾಸಿನ ದುಡ್ಡು. ಬಾರಾ ಕಮಾನಿನ ನೆರಳಲ್ಲಿ ನಿಂತು ನಕಾಶೆ ಬಿಡಿಸುವ ಬಿಳಿಯ ಹುಡುಗ ಹುಡುಗಿಯರ ಪಕ್ಕದಲ್ಲೂ ಇದೇ ನಂಬರಿನ ಸೈಕಲ್ಲುಗಳಿರುತ್ತಿದ್ದವು.

ಮೊದಲು ಬಾಡಿಗೆ ಸೈಕಲ್ ಹೋಯಿತು, ಬೆನ್ನಹಿಂದೆಯೇ ಮೀಟರ್ ಗೇಜೂ ಹೋಗಿ ಅಗಲ ಹಳಿ ಬಂತು. ಪ್ರವಾಸಿಗ ಈಗ ಆಟೋ ಹತ್ತಿ ಗುಮ್ಮಟ ನೋಡಿ, ಪಿಸುಗುಟ್ಟಿದ್ದು ಕೇಳಿಸಿತೆಂದು ಸಂತೋಷಪಟ್ಟು, ಸಂಜೆಯ ಬಸ್ಸಿಗೆ ಬಾದಾಮಿಗೆ ಹೋಗುತ್ತಾನೆ. ಗುಮ್ಮಟದ ಮೇಲಿನಿಂದ ಪಡುವಣಕ್ಕೆ ದೂರದಲ್ಲಿ ಹಸಿರು ಗೆರೆ ಕಾಣುತ್ತದೆ. ಅದೇನೆಂದು ಆತ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಆ ಹಸಿರಿನ ಕಥೆ ಹೇಳಬೇಕಾದರೆ ಒಬ್ಬ ಸುಲ್ತಾನನ ಹಟದಿಂದ ಶುರುಮಾಡಬೇಕು. ಗೋಳಗುಮ್ಮಟದೊಳಗೆ ಮಲಗಿರುವ ಮಹಮ್ಮದ್ ಆದಿಲ್‌ಶಾಹ, 1627ರಿಂದ 1656ರವರೆಗೆ ಆಳಿದವನು, ಒಮ್ಮೆ ಕೊಂಕಣಕ್ಕೆ ಹೋಗಿದ್ದನಂತೆ. ಅಲ್ಲಿನ ಮಾವು, ಭತ್ತದ ಗದ್ದೆ, ಎಲ್ಲಿ ನೋಡಿದರೂ ನೀರು. ಊರಿಗೆ ಮರಳಿದರೆ ಎರೆಹೊಲದ ಬಿರುಕು, ಬೇಸಗೆಯ ಧೂಳು. ನನ್ನ ಸೀಮೆಯಲ್ಲೂ ಒಂದು ಕೊಂಕಣ ಆಗಲೇಬೇಕು ಎಂದನಂತೆ. ಇದು ಜನ ಹೇಳಿಕೊಂಡು ಬಂದ ಕಥೆ, ಬ್ರಿಟಿಷರ ಜಿಲ್ಲಾ ಗೆಜೆಟಿಯರಿಗೂ ಸಿಕ್ಕಿದೆ. ಕಥೆಯನ್ನು ನಂಬಿ ಇಲ್ಲವೇ ಬಿಡಿ, ಅದರ ಫಲ ಮಾತ್ರ ಕಣ್ಣೆದುರಿಗಿದೆ. ವಿಜಯಪುರದಿಂದ ನೈರುತ್ಯಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿ, ಈಗಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ, ಅವನು ಕಟ್ಟಿಸಿದ ಎರಡು ಕೆರೆಗಳಿವೆ. 1633ರ ಸುಮಾರಿನವು. ಊರಿಗೆ ಅವನದೇ ಹೆಸರು. ದೊಡ್ಡ ಕೆರೆಯ ಏರಿಯ ಮೇಲೆ ನಿಂತರೆ ಇದು ಮಳೆಗೆ ಬಾಯಿಬಿಡುವ ಜಿಲ್ಲೆಯೆಂದು ಅನ್ನಿಸುವುದಿಲ್ಲ.

ನನಗೆ ಈ ಸುಲ್ತಾನನ ಮೇಲೆ ಪಕ್ಷಪಾತವಿದೆ ಎಂದು ಗೆಳೆಯರು ಹಂಗಿಸುತ್ತಾರೆ. ಇರಲಿ. ಅವನಪ್ಪ ಎರಡನೇ ಇಬ್ರಾಹಿಂ ಸಂಗೀತದ ಹುಚ್ಚಿನವನು. 1599ರಲ್ಲಿ ಊರ ಹೊರಗಿನ ತೊರವಿಯ ಬಳಿ ನವರಸಪುರ ಎಂಬ ಹೊಸ ಪಟ್ಟಣವನ್ನೇ ಹೂಡಿದ, 1624ರಲ್ಲಿ ಮಲಿಕ್ ಅಂಬರ್ ಬಂದು ಅದನ್ನು ಹಾಳುಗೆಡವಿದ. ಸಂಗೀತ ಮಹಲಿನ ಮೊಂಡುಗೋಡೆಗಳು ಉಳಿದಿವೆ. ಫೋಟೊ ತೆಗೆಸಿಕೊಳ್ಳುವವರೆಲ್ಲ ಅಪ್ಪನ ಮಹಲಿಗೆ ಹೋಗುತ್ತಾರೆ, ಮಗನ ಗುಮ್ಮಟಕ್ಕೆ ಹೋಗುತ್ತಾರೆ. ಮಗನ ಕೆರೆಗೆ ಹೋಗುವವರು ಬೆರಳೆಣಿಕೆ. ಇವನೇ 1651ರಲ್ಲಿ ಊರಿಗೆ ಕುಡಿಯುವ ನೀರು ಕೊಟ್ಟ ಬೇಗಂ ತಲಾಬವನ್ನೂ ಕಟ್ಟಿಸಿದ. ಗುಮ್ಮಟ ಅವನ ಮನೆಯವರ ಗೋರಿಗಾಯಿತು, ಕೆರೆಗಳು ಊರಿಗಾದವು. ಕೀರ್ತಿ ಮಾತ್ರ ಗೋರಿಗೆ ಸಂದಿತು.

ವಿಜಯಪುರಕ್ಕೂ ಮಮದಾಪುರಕ್ಕೂ ನಡುವೆ ಹರಿಯುವ ಹೊಳೆಯೆಂದರೆ ಡೋಣಿ. ಸಾಂಗ್ಲಿ ಜಿಲ್ಲೆಯ ಜತ್ತ ಸೀಮೆಯಲ್ಲಿ ಹುಟ್ಟಿ, ತಿಕೋಟಾ ಬಬಲೇಶ್ವರಗಳ ಎರೆಭೂಮಿಯಲ್ಲಿ ತೆವಳಿ, ಸಾರವಾಡದ ಸೇತುವೆ ದಾಟಿ, ತಾಳಿಕೋಟೆಯ ಕಡೆಗೆ ಸಾಗಿ ಕೃಷ್ಣೆಯನ್ನು ಸೇರುತ್ತದೆ. ನೀರು ಸವಳು, ಪಾತ್ರದ ತುಂಬ ಹೂಳು. ಮಳೆ ಹೆಚ್ಚಾದರೆ ಹೊಲಕ್ಕೇ ನುಗ್ಗುತ್ತದೆ, ಕಡಿಮೆಯಾದರೆ ಕುಡಿಯಲೂ ಬಾರದು. ಆದರೂ ಡೋಣಿ ಹರಿದರೆ ಓಣಿ ತುಂಬ ಜೋಳ ಎಂಬ ಗಾದೆ ಸುಳ್ಳಲ್ಲ, ಆ ಎರೆಮಣ್ಣಿನ ಬಿಳಿಜೋಳದ ರೊಟ್ಟಿ ತಿಂದವರಿಗೆ ಗೊತ್ತು. ಇಂಥ ನೆಲದಲ್ಲಿ ದ್ರಾಕ್ಷಿ ಬೆಳೆಯುತ್ತೇವೆಂದು ಹೊರಟವರ ಗಟ್ಟಿತನವೂ ಸುಲ್ತಾನನ ಹಟಕ್ಕೆ ಕಡಿಮೆಯದಲ್ಲ.

ಪಡ, ಅಂದರೆ ದ್ರಾಕ್ಷಿತೋಟ, ಕಟ್ಟುವ ವಿದ್ಯೆ ಬಂದದ್ದು ಸಾಂಗ್ಲಿ, ತಾಸಗಾಂವದ ಕಡೆಯಿಂದ. ಸವಳು ತಾಳುವ ಡಾಗ್‌ರಿಡ್ಜ್ ಬೇರಿಗೆ ಥಾಮ್ಸನ್ ಸೀಡ್‌ಲೆಸ್ ಕಣ್ಣು ಕಟ್ಟಿ ನೆಲೆ ನಿಲ್ಲಿಸಿದರು. ಬಳ್ಳಿ ಸವರುವ ಛಾಟಣಿ ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು. ಮೊದಲನೆಯದು ಕಡ್ಡಿ ಬಲಿಯಲಿಕ್ಕೆ, ಎರಡನೆಯದು ಹಣ್ಣಿಗೆ. ಹಣ್ಣು ಬಂದ ಮೇಲೆ ಬಹುಪಾಲು ಮಣೂಕಕ್ಕೇ, ಅಂದರೆ ಒಣದ್ರಾಕ್ಷಿಗೇ, ಹೋಗುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ತಿಕೋಟಾ ಕಡೆ ಹೋದರೆ ಹೊಲದ ಅಂಚಿಗೆ ಉದ್ದುದ್ದ ಶೆಡ್ಡುಗಳು, ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳು ಕಾಣುತ್ತವೆ. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಈ ಬಲೆಯ ಮೇಲೆ ಹರವುತ್ತಾರೆ. ಎರಡು ವಾರದ ಬಿಸಿಗಾಳಿಗೆ ಹಸಿರು ಕಾಯಿ ಜೇನುಬಣ್ಣಕ್ಕೆ ತಿರುಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಮಣೂಕ. ಆ ಎರಡು ವಾರದಲ್ಲಿ ಒಂದು ಅಡ್ಡಮಳೆ ಬಂತೋ, ವರ್ಷದ ದುಡಿಮೆ ಕಪ್ಪಾಗುತ್ತದೆ.

ರಾಜ್ಯದ 2007ರ ವೈನ್ ನೀತಿ ಬಂದ ಮೇಲೆ ತೊರವಿಯ ಕಡೆ ವೈನ್ ಪಾರ್ಕ್ ಬರುತ್ತದೆಂದು ಬಹಳ ಸದ್ದಾಯಿತು. ರೈತ ಮಾತ್ರ ಮಣೂಕವನ್ನೇ ನಂಬಿದ. ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ.

ನೀರಿನದ್ದೇ ತಾಪತ್ರಯ. ಕೊಳವೆಬಾವಿಗಳು ಬತ್ತಿದ ವರ್ಷಗಳಲ್ಲಿ ಬೇರಿಗೆ ಟ್ಯಾಂಕರಿನಿಂದ ನೀರುಣಿಸಿ ಪಡ ಉಳಿಸಿಕೊಂಡವರು ತಿಕೋಟಾ ಭಾಗದಲ್ಲಿ ಬೇಕಾದಷ್ಟು ಜನ. ಅಲ್ಲಿಗೆ ಕೃಷ್ಣೆಯನ್ನೇ ಎತ್ತಿ ತರುವ ಯೋಜನೆಗಳು ಬಂದವು. ಜಮಖಂಡಿ ತಾಲ್ಲೂಕಿನ ಕವಟಗಿ ಬಳಿ ನೀರೆತ್ತುವ ತುಬಚಿ–ಬಬಲೇಶ್ವರ ಏತ ನೀರಾವರಿ, ಮುಳವಾಡ ಏತ ನೀರಾವರಿ. ತುಬಚಿ ಯೋಜನೆಗೆ ಗೊತ್ತುಮಾಡಿದ ನೀರೇ 6.3 ಟಿಎಂಸಿ ಅಡಿ. ಶತಮಾನಗಳಿಂದ ಮಳೆಯನ್ನಷ್ಟೇ ನೆಚ್ಚಿದ್ದ ಆದಿಲ್‌ಶಾಹಿ ಕೆರೆಗಳಿಗೂ ಪಂಪಿನ ನೀರು ಬಿತ್ತು, ಮಮದಾಪುರದ ಕೆರೆಗೂ. ಸುಲ್ತಾನ ಹಟ ಹಿಡಿದ ಕೊಂಕಣ ಇಷ್ಟು ತಡವಾಗಿ, ಕರೆಂಟಿನ ಬಲದಿಂದ, ಒಂದಿಷ್ಟು ಬಂತೆನ್ನಬಹುದು.

ನೀರಿನ ಜತೆಗೇ ಬಂದ ಇನ್ನೊಂದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಕಾಲುವೆಯ ದಂಡೆಯ ಮೇಲಿನ ಸರ್ವಿಸ್ ರಸ್ತೆ. ಇಲಾಖೆಯ ಜೀಪು ಎಂದೋ ಒಮ್ಮೆ ಬರುತ್ತದೆ, ಮೇವು ಹೊತ್ತ ಎತ್ತಿನ ಗಾಡಿ ಬರುತ್ತದೆ, ಕುರಿಹಿಂಡು ಬರುತ್ತದೆ. ಲಾರಿಯ ಹಾರ್ನು ಇಲ್ಲ. ಕಾಲುವೆಯೇ ಇಳಿಜಾರು ನೋಡಿ ಹರಿಯುವುದರಿಂದ ದಾರಿಯಲ್ಲಿ ಏರು ಎಂಬುದೇ ಇಲ್ಲವೆನ್ನಬೇಕು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಪಡ. ಸೈಕಲ್ ತುಳಿಯುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಯುರೋಪಿನವರು ಜಗತ್ತನ್ನೆಲ್ಲ ಕರೆದು ತೋರಿಸುವುದೂ ಇಂಥದ್ದನ್ನೇ. ಆಸ್ಟ್ರಿಯಾದ ವಾಹಾವ್ ಕಣಿವೆಯಲ್ಲಿ ಡ್ಯಾನ್ಯೂಬ್ ದಂಡೆಯ ಸೈಕಲ್ ದಾರಿ ಒಂದಾನೊಂದು ಕಾಲಕ್ಕೆ ಸರಕಿನ ದೋಣಿಗಳನ್ನು ಕುದುರೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದ ದಾರಿ. ಆ ಕೆಲಸ ನಿಂತ ಮೇಲೆ ದಂಡೆಯನ್ನು ಪಾಳುಬಿಡದೆ ಸೈಕಲ್ಲಿಗೆ ಬಿಟ್ಟುಕೊಟ್ಟರು. ಎರಡೂ ಕಡೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿತೋಟ, ತಲೆಯ ಮೇಲೆ ಇಂಗ್ಲೆಂಡಿನ ದೊರೆ ರಿಚರ್ಡನನ್ನು 1192ರ ಚಳಿಗಾಲದಲ್ಲಿ ಸೆರೆಯಿಟ್ಟಿದ್ದ ಡ್ಯೂರ್ನ್‌ಸ್ಟೈನ್ ಕೋಟೆ. 2000ದಲ್ಲಿ ಯುನೆಸ್ಕೊ ಆ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಾಸಾವ್‌ನಿಂದ ವಿಯೆನ್ನಾವರೆಗೆ 300 ಕಿ.ಮೀ.ಗೂ ಮೀರಿದ ಆ ದಾರಿಯಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಜನ ವಾರಗಟ್ಟಲೆ ಹೋಗುತ್ತಾರೆ, ರೈತರ ಮನೆಯಲ್ಲೇ ತಂಗುತ್ತಾರೆ. ಒಬ್ಬ ರಾಜ ಒಂದು ಚಳಿಗಾಲ ಸೆರೆಯಿದ್ದ ಕೋಟೆಯನ್ನು ಅವರು ಎಂಟು ಶತಮಾನ ಹೇಳಿಕೊಂಡು ಬಂದಿದ್ದಾರೆ. ಸುತ್ತ ಹತ್ತು ಕಿ.ಮೀ. ಕೋಟೆಗೋಡೆ ಇಟ್ಟುಕೊಂಡ ನಾವು ಅದರ ಬುಡದಲ್ಲಿ ಕಸ ಸುರಿಯುತ್ತೇವೆ.

ಸೈಕಲ್ ನಮಗೆ ಹೊಸದಾಗಿದ್ದರೆ ಈ ಮಾತು ಬೇರೆ. ವಿಜಯಪುರ, ಬಾಗಲಕೋಟೆ ಸೀಮೆಯ ತೋಟದ ವಸ್ತಿಯ ಹುಡುಗ ಹುಡುಗಿಯರು ಸೈಕಲ್ ಓಟದಲ್ಲಿ ರಾಷ್ಟ್ರಮಟ್ಟದ ಪದಕ ತಂದವರು. ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತಿನ ಜತೆಗೆ ಸೈಕಲ್ ಶರ್ಯತ್ತೂ ನಡೆಯುತ್ತದೆ. ಅವರಿಗೆಂದು ಭೂತನಾಳದ ಬಳಿ ಕೈಗೆತ್ತಿಕೊಂಡ ವೆಲೊಡ್ರೋಮ್ (ಸೈಕಲ್ ಓಟದ ಅಂಕಣ) ವರ್ಷಗಟ್ಟಲೆ ಕುಂಟಿದ ಕಥೆ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಅಷ್ಟೂ ದಿನ ಈ ಮಕ್ಕಳು ತಾಲೀಮು ಮಾಡಿದ್ದು ಹೆದ್ದಾರಿಯಲ್ಲಿ, ಸೊಲ್ಲಾಪುರದ ಲಾರಿಗಳ ಮಗ್ಗುಲಲ್ಲಿ, ನಸುಕಿನ ಕತ್ತಲಲ್ಲಿ. ಲಾರಿಯೇ ಬಾರದ ದಾರಿ ಪಕ್ಕದಲ್ಲೇ ಬಿದ್ದಿರುವಾಗ ಇದಕ್ಕೆ ಏನನ್ನಬೇಕು?

ದಾರಿ ಎಲ್ಲೆಡೆಯೂ ಒಂದೇ ಸಮ ಇದೆಯೆಂದಲ್ಲ. ಗರಸು ಹಾಸಿದ ಕಡೆ ಗಾಲಿ ಸಲೀಸಾಗಿ ಉರುಳುತ್ತದೆ. ಗರಸು ಕಿತ್ತ ಕಡೆ ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಸೈಕಲ್ಲನ್ನು ಹೊತ್ತುಕೊಂಡೇ ನಡೆಯಬೇಕು. ಜಾಲಿಮುಳ್ಳಿನ ಕಾಟ ಬೇರೆ. ನಡುವಯಸ್ಸಿನವರು ಸೈಕಲ್ ಮೇಲೆ ಕಂಡರೆ ಪಡದಲ್ಲಿದ್ದವರು ಕೆಲಸ ಬಿಟ್ಟು ದಂಡೆಗೆ ಬರುತ್ತಾರೆ. 'ಯಾಕ್ರೀ ಸರ, ಗಾಡಿ ಕೆಟ್ಟೈತೇನ್ರಿ?' ಎಂದು ಕೇಳುತ್ತಾರೆ. ಗಾಡಿ ಮನೆಯಲ್ಲೇ ಇದೆ, ಸುಮ್ಮನೆ ಬಂದೆ ಎಂದರೆ ನಂಬುವುದಿಲ್ಲ. ಆದರೂ ಒಂದು ಗೊನೆ ಕೈಗಿಟ್ಟು, ತೊಳೆದು ತಿನ್ನಿರಿ, ಔಷಧಿ ಹೊಡದೀವಿ ಎಂದು ಎಚ್ಚರಿಸಿಯೇ ಕಳಿಸುತ್ತಾರೆ.

ಬೇಕಾದದ್ದು ದೊಡ್ಡ ಯೋಜನೆಯಲ್ಲ, ಅದಕ್ಕೊಂದು ಡಿಪಿಆರ್ (ಸವಿವರ ಯೋಜನಾ ವರದಿ) ಆಗುವುದಂತೂ ಬೇಡವೇ ಬೇಡ. ಕಾಲುವೆ ನೋಡಿಕೊಳ್ಳುವ ನೀರಾವರಿ ನಿಗಮ ಸರ್ವಿಸ್ ರಸ್ತೆಯಲ್ಲಿ ಸೈಕಲ್ಲಿಗೆ ಅವಕಾಶವಿದೆಯೆಂದು ಒಂದು ಆದೇಶ ಹೊರಡಿಸಲಿ. ಕಿತ್ತ ಕಡೆ ಗರಸು ಹಾಕಲಿ, ನೀರು ಆಳವಿರುವ ಕಡೆ ತಡೆಗೋಡೆ ಕಟ್ಟಲಿ. ತೊರವಿಗೆ ಇತ್ತ, ಮಮದಾಪುರಕ್ಕೆ ಅತ್ತ ಎಂದು ಕನ್ನಡದಲ್ಲಿ ಫಲಕ ನಿಲ್ಲಿಸಲಿ. ಪ್ರವಾಸೋದ್ಯಮ ಇಲಾಖೆ ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತು ಬಾಡಿಗೆ ಸೈಕಲ್ ಇಡುವವರಿಗೆ ಒಂದು ಜಾಗ ಕೊಡಲಿ. ಅಷ್ಟಾಗುವ ಮೊದಲೇ ಈ ದಾರಿಯಲ್ಲಿ ಹೋಗಬಯಸುವ ಓದುಗರಿಗೆ ಹೇಳುವುದಿಷ್ಟೇ: ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ, ನಸುಕಿಗೇ ಹೊರಡಿ, ಪಂಚರ್ ಸಾಮಾನು ಜತೆಗಿರಲಿ, ಪಡದೊಳಗೆ ಕಾಲಿಡುವ ಮೊದಲು ಮಾಲೀಕರನ್ನು ಕೇಳಿ.