ಮಾಣಿಕಟ್ಟಾ: ಉಪ್ಪುನೀರಿನ ಅಂಚಿನ ಕಗ್ಗದ ಊರು

ಕರಾವಳಿಯ ಹಳ್ಳಿಯನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಕಡಲದಂಡೆಯನ್ನೂ ದೇವಸ್ಥಾನವನ್ನೂ ನೋಡಿ ಮರಳುತ್ತಾರೆ. ಹಣ ಹೂಡಲು ಹೋಗುವವರು ರಸ್ತೆ, ವಿದ್ಯುತ್ತು, ಎಕರೆಯ ಬೆಲೆ ಇಷ್ಟನ್ನು ವಿಚಾರಿಸುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಮಾಣಿಕಟ್ಟಾಕ್ಕೆ ನೀವು ಯಾವ ಉದ್ದೇಶದಿಂದ ಹೋದರೂ ಮೊದಲು ನೋಡಬೇಕಾದದ್ದು ಅಲ್ಲಿಯ ಕಟ್ಟೆ ಮತ್ತು ಅದರಲ್ಲಿರುವ ಹಲಗೆಯ ಕಿಂಡಿ. ಊರಿನ ಭತ್ತ, ಸೀಗಡಿ, ಬಾವಿಯ ಸಿಹಿನೀರು ಈ ಮೂರೂ ಅದನ್ನೇ ನಂಬಿಕೊಂಡಿವೆ.

ಊರು ಸಣ್ಣದು. ಅಘನಾಶಿನಿ ನದಿ ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಪ್ರದೇಶದಲ್ಲಿದೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲ. ಆದ್ದರಿಂದ ಮಳೆಗಾಲದ ಸಿಹಿನೀರು ಪೂರ್ತಿಯಾಗಿ ಅಳಿವೆಗೆ ಬಂದು ಸೇರುತ್ತದೆ. ಬೇಸಿಗೆಯಲ್ಲಿ ಇದೇ ಹಾದಿಯಲ್ಲಿ ಉಬ್ಬರದ ಉಪ್ಪುನೀರು ಒಳನಾಡಿನವರೆಗೆ ಏರುತ್ತದೆ. ವರ್ಷಕ್ಕೆ ಎರಡು ಬಗೆಯ ನೀರು ಕಾಣುವ ಇಂತಹ ತಗ್ಗು ಗದ್ದೆಗಳನ್ನು ಇಲ್ಲಿಯವರು ಗಜನಿ ಎನ್ನುತ್ತಾರೆ. ಗೋವೆಯಲ್ಲಿ ಇವೇ ಖಾಜನ ಭೂಮಿಗಳು. ಕೇರಳದಲ್ಲಿ ಪೊಕ್ಕಾಳಿ ಗದ್ದೆಗಳು. ಧಾರವಾಡದ ಕಡೆಯ ಹತ್ತಿ ಬೆಳೆಗಾರರಿಗೆ ಕುಮಟೆಯ ಹೆಸರು ಬೇರೆ ಕಾರಣಕ್ಕೆ ಪರಿಚಿತ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧ ನಡೆದಾಗ ಅವರ ಹತ್ತಿ ಈ ಬಂದರಿನಿಂದಲೇ ಹಡಗು ಹತ್ತುತ್ತಿತ್ತು. ಆ ವೈಭವ ಈಗ ಇಲ್ಲ, ಗಜನಿ ಇದೆ.

ಇಲ್ಲಿಯ ತಳಿ ಕಗ್ಗ. ಕರಿಕಗ್ಗ, ಬಿಳಿಕಗ್ಗ ಎಂದು ಅದರಲ್ಲೂ ಬಗೆಗಳುಂಟು. ಎತ್ತರದ ಪೈರು, ಕಾಳಿಗೆ ಉದ್ದನೆಯ ಮುಳ್ಳು, ಕೆಂಪು ಅಕ್ಕಿ. ಇದರ ಬೆಲೆಯನ್ನು ತಿಳಿಯಬೇಕಾದರೆ ಒಂದು ಲೆಕ್ಕವನ್ನು ನೋಡಿ. ಮಣ್ಣು ಪರೀಕ್ಷೆಯ ವರದಿಯಲ್ಲಿ ಇ.ಸಿ. ಎಂದು ಬರೆಯುವ ಅಂಕಿಯು ಉಪ್ಪಿನ ಪ್ರಮಾಣವನ್ನು ಸೂಚಿಸುತ್ತದೆ. ಸಾಮಾನ್ಯ ಭತ್ತದ ತಳಿಗಳು ಮೀಟರಿಗೆ 3 ಡೆಸಿಸೀಮೆನ್ಸ್‌ವರೆಗೆ ತಾಳಿಕೊಳ್ಳುತ್ತವೆ. ಅದರ ಮೇಲೆ ಒಂದೊಂದು ಅಂಕಿ ಏರಿದಂತೆ ಇಳುವರಿಯಲ್ಲಿ ಸುಮಾರು ಶೇಕಡಾ 12ರಷ್ಟು ಕಡಿಮೆಯಾಗುತ್ತದೆ. ಅಂದರೆ 6 ತಲುಪುವಷ್ಟರಲ್ಲಿ ಬೆಳೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಷ್ಟವಾಗಿರುತ್ತದೆ. ಸಮುದ್ರದ ನೀರಿನಲ್ಲಿ ಈ ಅಂಕಿ ಸುಮಾರು 50. ಭತ್ತಕ್ಕೆ ಉಪ್ಪು ಹೆಚ್ಚು ತಟ್ಟುವುದು ಎಳೆಯ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ. ಆದುದರಿಂದ ಗಜನಿಯ ರೈತನ ಜಾಣತನವೆಲ್ಲ ಈ ಎರಡು ಸಮಯಗಳನ್ನು ಮಳೆನೀರಿನ ಅವಧಿಯೊಳಗೆ ಕೂಡಿಸುವುದರಲ್ಲಿದೆ.

ಜೂನ್ ತಿಂಗಳ ಮೊದಲ ಮಳೆಗಳು ಗದ್ದೆಯ ಉಪ್ಪನ್ನು ತೊಳೆಯುತ್ತವೆ. ಇಳಿತದ ಹೊತ್ತಿಗೆ ಕಿಂಡಿಯ ಹಲಗೆ ತೆಗೆದು ಆ ನೀರನ್ನು ಹೊರಗೆ ಬಿಡಬೇಕು. ಉಬ್ಬರ ಬರುವ ಮೊದಲು ಮುಚ್ಚಬೇಕು. ಉಪ್ಪು ಇಳಿದ ಮೇಲೆ ನೆನೆಸಿ ಮೊಳಕೆ ಬರಿಸಿದ ಬೀಜವನ್ನು ಕೆಸರಿನಲ್ಲಿ ಚೆಲ್ಲುತ್ತಾರೆ. ನಾಟಿ ಇಲ್ಲ, ರಸಗೊಬ್ಬರ ಇಲ್ಲ, ಔಷಧಿ ಹೊಡೆಯುವುದಿಲ್ಲ. ನೆರೆ ಬಂದು ಕೆಲವು ದಿನ ಮುಳುಗಿದರೂ ಕಗ್ಗ ಮತ್ತೆ ತಲೆ ಎತ್ತುತ್ತದೆ. ಅಕ್ಟೋಬರ್ ಹೊತ್ತಿಗೆ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತಾರೆ. ಹೊರಗಿನವರಿಗೆ ಇದು ಸೋಮಾರಿತನವೆಂದು ತೋರಬಹುದು. ಆದರೆ ಆ ಹುಲ್ಲು ಕೊಳೆತು, ನಂತರ ಉಬ್ಬರದೊಂದಿಗೆ ಒಳಗೆ ಬಿಡುವ ಸೀಗಡಿ ಮರಿಗಳಿಗೆ ಮತ್ತು ಮೀನುಗಳಿಗೆ ಆಹಾರವಾಗುತ್ತದೆ. ಮೀನಿನ ಮಲ, ಉಬ್ಬರದ ಹೂಳು ಮುಂದಿನ ಭತ್ತಕ್ಕೆ ಗೊಬ್ಬರ. ಒಂದು ಬೆಳೆಯ ಕಸವು ಇನ್ನೊಂದರ ಮೇವಾಗುವ ಈ ಕ್ರಮವನ್ನು ಯಾವ ವಿಜ್ಞಾನಿಯೂ ಇವರಿಗೆ ಕಲಿಸಿಕೊಟ್ಟದ್ದಲ್ಲ.

ಹೀಗಿದ್ದರೂ ಕಗ್ಗ ಬಿತ್ತುವ ಗಜನಿ ಅಳಿವೆಯ ಉದ್ದಕ್ಕೂ ಕಡಿಮೆಯಾಗುತ್ತ ಬಂದಿದೆ. ಇಳುವರಿ ಸಾಧಾರಣ, ಆಳು ಸಿಗುವುದು ಕಷ್ಟ, ನೀರುಕೋಳಿಗಳ ಕಾಟ ಬೇರೆ. ಇವುಗಳಿಗಿಂತ ದೊಡ್ಡ ಕಾರಣವೆಂದರೆ ಹಣ ಹೂಡಿಕೆಯೇ. ಹಿಂದೆ ಗದ್ದೆಯ ಒಡೆಯರೆಲ್ಲ ಸೇರಿ ಪ್ರತಿವರ್ಷ ಮಣ್ಣಿನ ಕಟ್ಟೆಯನ್ನು ದುರಸ್ತಿ ಮಾಡುತ್ತಿದ್ದರು. 1970ರ ದಶಕದಲ್ಲಿ ಸರ್ಕಾರವು ಖಾರ್‌ಲ್ಯಾಂಡ್ ಯೋಜನೆಯಡಿ ಭದ್ರವಾದ ಕಟ್ಟೆಗಳನ್ನು ಕಟ್ಟಿಸಿತು. ಕಟ್ಟೆ ಗಟ್ಟಿಯಾಯಿತು, ಆದರೆ ಅದನ್ನು ಕಾಯುವ ಒಗ್ಗಟ್ಟು ಸಡಿಲವಾಯಿತು ಎಂಬುದು ನನ್ನ ಅಭಿಪ್ರಾಯ. ಆಮೇಲೆ ಸೀಗಡಿಗೆ ಒಳ್ಳೆಯ ಬೆಲೆ ಬಂದಾಗ ಗುತ್ತಿಗೆದಾರರು ಬಂದರು. ಸೀಗಡಿಗೆ ಉಪ್ಪುನೀರು ಎಷ್ಟು ಹೆಚ್ಚು ದಿನ ನಿಂತರೆ ಅಷ್ಟು ಲಾಭ. ಭತ್ತಕ್ಕೆ ಜೂನ್‌ನಲ್ಲಿ ಅದು ಹೊರಗೆ ಹೋಗಲೇಬೇಕು. ಹಲಗೆ ಯಾರ ಕೈಯಲ್ಲಿದೆಯೋ ಗದ್ದೆ ಅವರ ಬೆಳೆಯದಾಗುತ್ತದೆ. 1990ರ ದಶಕದ ಮಧ್ಯದಲ್ಲಿ ದೇಶದ ಸೀಗಡಿ ಕೃಷಿಗೆ ಬಿಳಿಚುಕ್ಕೆ ರೋಗ ತಗುಲಿ ಭಾರೀ ನಷ್ಟವಾಯಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ನಿಯಂತ್ರಿತ ವಲಯದಲ್ಲಿ ಸೀಗಡಿ ಹೊಂಡಗಳನ್ನು ನಿಷೇಧಿಸಿ, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ನೀಡಿತು. ಮುಂದೆ 2005ರ ಕಾಯಿದೆ ಪರವಾನಗಿಯ ವ್ಯವಸ್ಥೆ ತಂದಿತು. ಈ ನಡುವೆ ಎಷ್ಟೋ ಮನೆಗಳಲ್ಲಿ ಕಗ್ಗದ ಬೀಜವೇ ತೀರಿಹೋಗಿತ್ತು.

ಈಗ ಹಣ ಹೂಡಬೇಕೆನ್ನುವ ನಿಮಗೆ ಎರಡು ಮಾತು. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ರೈತರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆದರೆ ಗಜನಿಯಲ್ಲಿ ಎರಡೆಕರೆ ಕೊಂಡರೆ ನಿಮ್ಮ ಎರಡೆಕರೆಗೆ ಮಾತ್ರ ಸಿಹಿನೀರು ಅಥವಾ ಉಪ್ಪುನೀರು ನಿಲ್ಲಿಸಲು ಬಾರದು. ಕಟ್ಟೆಯೊಳಗಿನ ಗದ್ದೆಗಳೆಲ್ಲಕ್ಕೂ ಒಂದೇ ನೀರು. ನೀವು ಕೊಳ್ಳುವುದು ಭೂಮಿಗಿಂತ ಹೆಚ್ಚಾಗಿ ನೆರೆಹೊರೆಯವರ ಒಪ್ಪಂದದಲ್ಲಿ ಒಂದು ಪಾಲು. ಅದಲ್ಲದೆ 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಪ್ರದೇಶವನ್ನು ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿಸಲಾಗಿದೆ. ರಾಮ್ಸಾರ್ ತಾಣಗಳಲ್ಲಿ ಜೌಗನ್ನು ತುಂಬಿ ಬೇರೆ ಉಪಯೋಗಕ್ಕೆ ಪರಿವರ್ತಿಸುವುದನ್ನು 2017ರ ನಿಯಮಗಳು ನಿಷೇಧಿಸುತ್ತವೆ. ನಿಮ್ಮ ಜಾಗ ಆ ಗಡಿಯೊಳಗೆ ಬರುತ್ತದೆಯೇ, ಕರಾವಳಿ ವಲಯದ ಅನುಮತಿ ಬೇಕೇ ಎಂಬುದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಿರಿ.

ಹಾಗಾದರೆ ಇಲ್ಲಿ ಹೂಡಿಕೆಗೆ ಅವಕಾಶವೇ ಇಲ್ಲವೆ? ಉಂಟು, ಕಟ್ಟೆಯ ಹೊರಗೆ. ಮುಳ್ಳುಳ್ಳ ಕಗ್ಗವನ್ನು ಸ್ವಚ್ಛಗೊಳಿಸಿ, ಕುಚ್ಚಿಗೆ ಮಾಡಿ, ತೌಡು ಉಳಿಸಿ ಮಿಲ್ ಮಾಡಿಕೊಡುವ ಸಣ್ಣ ಘಟಕ, ಬೀಜ ಒಣಗಿಸಿ ಇಡುವ ಉಗ್ರಾಣ, ಸೀಗಡಿ ಮತ್ತು ಬಳಚು ಕೆಡದಂತೆ ಮಂಜುಗಡ್ಡೆಯ ಸೌಲಭ್ಯ ಇಂಥವು. ಗುತ್ತಿಗೆಯನ್ನೇ ಹಿಡಿಯುವುದಾದರೆ ಬೆಳೆಗಾರರ ಸಂಘದೊಂದಿಗೆ ಬರವಣಿಗೆಯಲ್ಲಿ ಮಾಡಿಕೊಳ್ಳಿರಿ; ಯಾವ ದಿನಾಂಕಕ್ಕೆ ಹಲಗೆಯನ್ನು ಭತ್ತದವರಿಗೆ ಬಿಟ್ಟುಕೊಡಬೇಕು, ಕಟ್ಟೆ ಒಡೆದರೆ ಖರ್ಚು ಯಾರದು ಎಂಬುದು ಅದರಲ್ಲಿ ಇರಲಿ. ಗುತ್ತಿಗೆಗೆ ಕೊಡುವ ರೈತ ಬಾಂಧವರಿಗೂ ಇದೇ ಸಲಹೆ. ಒಂದು ವರ್ಷ ಜೂನ್ ತಪ್ಪಿದರೆ ಆ ವರ್ಷದ ಅಕ್ಕಿ ಮಾತ್ರ ಹೋಗುತ್ತದೆ. ಎರಡು ವರ್ಷ ತಪ್ಪಿದರೆ ಮನೆಯ ಬೀಜದ ಮೊಳಕೆಯನ್ನೂ ನಂಬುವಂತಿಲ್ಲ.

ನೋಡಲು ಬರುವವರಿಗೆ ಕೊಂಕಣ ರೈಲಿನ ಕುಮಟಾ ನಿಲ್ದಾಣ ಅನುಕೂಲ. ಸೆಪ್ಟೆಂಬರ್ ಕೊನೆಯಲ್ಲಿ ಬಂದರೆ ನಿಂತ ಕಗ್ಗವನ್ನು ನೋಡಬಹುದು. ಫೆಬ್ರವರಿಯಲ್ಲಿ ಬಂದರೆ ಅದೇ ಗದ್ದೆಯಲ್ಲಿ ಬಲೆ ಹಿಡಿದವರನ್ನು ಕಾಣುವಿರಿ; ಆಚೆ ದಂಡೆಯ ಸಾಣಿಕಟ್ಟೆಯಲ್ಲಿ ಆಗ ಉಪ್ಪು ತಯಾರಿಸುವ ಕಾಲ. ಬೇಸಿಗೆಯಲ್ಲಿ ಹೆದ್ದಾರಿಯ ಪಕ್ಕದಲ್ಲಿ ಹೆಣೆದು ತೂಗುಹಾಕಿದ ಕುಮಟೆಯ ಸಿಹಿ ಈರುಳ್ಳಿ ಸಿಗುತ್ತದೆ. ಗಜನಿಗೆ ಇಳಿತದ ಸಮಯದಲ್ಲಿ ಹೋಗಿರಿ, ಕಿಂಡಿಯ ಕೆಲಸ ಆಗಲೇ ಕಾಣುವುದು. ಕಟ್ಟೆಯ ಮೇಲೆ ವಾಹನ ಹತ್ತಿಸಬೇಡಿರಿ. ಏಡಿಗಳು ತೋಡಿದ ಬಿಲಗಳಿಂದ ಅದು ಒಳಗೆ ಟೊಳ್ಳಾಗಿರುವುದುಂಟು.