ಕಣ್ಣಿನ ಅಲರ್ಜಿಗೆ ಹಳೆಯ ಚೀಟಿಯ ಹನಿ ಬೇಡ

ಹಿಂಗಾರಿ ಸುಗ್ಗಿ ಮುಗಿದು ಬಿಸಿಲು ಏರಿತೆಂದರೆ ಅಮ್ಮಿನಬಾವಿಯ ಸುತ್ತಮುತ್ತ ಕರಿಮಣ್ಣಿನ ಧೂಳು ಏಳುತ್ತದೆ. ಅದರ ಹಿಂದೆಯೇ ಕಣ್ಣು ತಿಕ್ಕುವ ಮಕ್ಕಳು ದವಾಖಾನೆಗೆ ಬರುತ್ತಾರೆ. ಧೂಳು, ಹೊಟ್ಟು, ಕಾಂಗ್ರೆಸ್ ಕಸದ ಪರಾಗ ತಾಗಿ ಕಣ್ಣು ಕೆಂಪಾಗಿ, ತುರಿಸಿ, ನೀರು ಸುರಿಯುತ್ತದೆ.

ಒಬ್ಬ ತಾಯಿ ಹನ್ನೊಂದು ವರ್ಷದ ಮಗನನ್ನು ಕರೆತಂದು, ಚೀಲದಿಂದ ಸಣ್ಣ ಬಾಟಲಿ ತೆಗೆದರು. “ಹ್ವಾದ ವರ್ಷ ಇದನ್ನ ಹಾಕಿದ್ರ ಎರಡ ದಿನದಾಗ ಕೆಂಪು ಹೋಗಿತ್ರಿ ಡಾಕ್ಟ್ರ. ಅದಕ್ಕ ಅದನ್ನ ತಂದು ಹಾಕಾಕತ್ತೇವ್ರಿ” ಎಂದರು. ಬಾಟಲಿಯಲ್ಲಿದ್ದುದು ಆಂಟಿಬಯೋಟಿಕ್ ಜೊತೆ ಡೆಕ್ಸಾಮೆಥಾಸೋನ್, ಅಂದರೆ ಸ್ಟೀರಾಯ್ಡ್. ಹಾಕಲು ಆರಂಭಿಸಿ ಮೂರು ತಿಂಗಳಾಗಿತ್ತು. ಕಣ್ಣಿನ ಒತ್ತಡ ಅಳೆಯುವ ಯಂತ್ರ ನನ್ನಲ್ಲಿಲ್ಲ. ಅಂದೇ ಧಾರವಾಡದ ನೇತ್ರ ವೈದ್ಯರಲ್ಲಿಗೆ ಕಳಿಸಿದೆ. ಒತ್ತಡ ಏರಿತ್ತು, ಅಲ್‌ಹಮ್ದುಲಿಲ್ಲಾಹ್, ನರಕ್ಕೆ ಪೆಟ್ಟು ಬಿದ್ದಿರಲಿಲ್ಲ.

ಎಲ್ಲ ಹನಿಯೂ ಒಂದೇ ಅಲ್ಲ

ಅಲರ್ಜಿಗೆ ಕೊಡುವ ಹನಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಓಲೋಪಟಡಿನ್, ಕೀಟೋಟಿಫೆನ್‌ನಂಥವು ತುರಿಕೆ ಎಬ್ಬಿಸುವ ಹಿಸ್ಟಮಿನ್‌ ಅನ್ನು ತಡೆಯುತ್ತವೆ. ವೈದ್ಯರು ಹೇಳಿದಂತೆ ಋತು ಮುಗಿಯುವವರೆಗೂ ಹಾಕಿಕೊಳ್ಳಬಹುದು.

ಎರಡನೆಯದು ಸ್ಟೀರಾಯ್ಡ್: ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೊಮೆಥೊಲೋನ್, ಲೋಟೆಪ್ರೆಡ್ನಾಲ್. ತೀವ್ರ ಅಲರ್ಜಿಗೆ ಇವು ಬೇಕಾಗುತ್ತವೆ, ಬೇಗ ಗುಣವನ್ನೂ ಕೊಡುತ್ತವೆ. ಆದರೆ ವಾರಗಟ್ಟಲೆ ಹಾಕಿದರೆ ಕೆಲವರಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರುತ್ತದೆ. ಅದಕ್ಕೆ ಸಾಮಾನ್ಯವಾಗಿ ನೋವಿರುವುದಿಲ್ಲ, ಹೋದ ದೃಷ್ಟಿ ಮರಳಿ ಬರುವುದಿಲ್ಲ. ಮೋತಿಬಿಂದು ಬೇಗ ಬರಬಹುದು, ಕಣ್ಣಿನ ಸೋಂಕು ಉಲ್ಬಣಿಸಬಹುದು.

ಆದ್ದರಿಂದ ಬ್ರಾಂಡ್ ಹೆಸರಿನ ಕೆಳಗಿರುವ ಔಷಧದ ಹೆಸರು ಓದಿ. ತಿಳಿಯದಿದ್ದರೆ “ಇದರಲ್ಲಿ ಸ್ಟೀರಾಯ್ಡ್ ಇದೆಯೇ? ಎಷ್ಟು ದಿನ ಹಾಕಬೇಕು?” ಎಂದು ವೈದ್ಯರನ್ನು ಕೇಳಿ. ಹಳೆಯ ಚೀಟಿ ತೋರಿಸಿ ಮತ್ತೆ ತರಬೇಡಿ. ಅಣ್ಣನಿಗೆ ಬರೆದ ಹನಿ ತಂಗಿಗೆ ಹಾಕಬೇಡಿ. ಈಗಾಗಲೇ ಸ್ಟೀರಾಯ್ಡ್ ಹಾಕುತ್ತಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸದೆ, ತಡಮಾಡದೆ ನೇತ್ರ ವೈದ್ಯರಿಗೆ ತೋರಿಸಿ.

ಹಾಕುವ ರೀತಿ

• ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಬಾಟಲಿಯ ಮೇಲಿನ ಅವಧಿ ನೋಡಿ. ಅಲುಗಾಡಿಸಲು ಬರೆದಿದ್ದರೆ ಅಲುಗಾಡಿಸಿ.
• ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಎಳೆದು ಒಂದೇ ಹನಿ ಹಾಕಿ. ಅದಕ್ಕಿಂತ ಹೆಚ್ಚು ಕಣ್ಣಿನಲ್ಲಿ ನಿಲ್ಲುವುದಿಲ್ಲ. ಬಾಟಲಿಯ ತುದಿ ಕಣ್ಣಿಗೂ ರೆಪ್ಪೆಗೂ ತಾಗದಿರಲಿ.
• ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ 1–2 ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ.
• ಎರಡು ಔಷಧಗಳಿದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಿ.
• ಬಾಟಲಿ ತೆರೆದ ದಿನಾಂಕ ಬರೆದಿಡಿ. ಬೇರೆ ಸೂಚನೆ ಇಲ್ಲದಿದ್ದರೆ 28 ದಿನಗಳ ನಂತರ ಎಸೆಯಿರಿ.

ವುಝೂ ಮಾಡಿದ ಮೇಲೆ ಹನಿ ಹಾಕಿ. ಮೊದಲೇ ಹಾಕಿದರೆ ಔಷಧ ನೀರಿನೊಂದಿಗೆ ಹೋಗಬಹುದು.

ರೋಜಾದಲ್ಲಿ?

ರಮಝಾನಿನಲ್ಲಿ ಹಲವರು ಹನಿ ನಿಲ್ಲಿಸಿಬಿಡುತ್ತಾರೆ. ಕಣ್ಣಿನಿಂದ ಮೂಗಿಗೆ ಸಣ್ಣ ನಾಳವಿದೆ, ಗಂಟಲಿಗೆ ಕಹಿ ಬರುವುದು ಅದರಿಂದಲೇ. ಹನಫಿ ಫಿಕ್ಹ್ ಪ್ರಕಾರ ಕಣ್ಣಿನ ಹನಿಯಿಂದ ರೋಜಾ ಮುರಿಯುವುದಿಲ್ಲ. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ ರೋಜಾ ಮುರಿಯದವುಗಳ ಪಟ್ಟಿಯಲ್ಲಿ ಕಣ್ಣಿನ ಹನಿಯನ್ನು ಸೇರಿಸಿದೆ. ಸಂಶಯವಿದ್ದರೆ ನಿಮ್ಮ ಇಮಾಮರನ್ನು ಕೇಳಿ, ಆದರೆ ಚಿಕಿತ್ಸೆ ನಡುವೆ ಬಿಡಬೇಡಿ.

ಮನೆಯಲ್ಲಿ ಮಾಡಬಹುದಾದದ್ದು

ತಣ್ಣೀರಿನಲ್ಲಿ ಅದ್ದಿದ ಸ್ವಚ್ಛ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಡಿ. ಹೊಲದಿಂದ ಬಂದ ಕೂಡಲೇ ಮುಖ ತೊಳೆಯಿರಿ. ಕಣ್ಣು ತಿಕ್ಕುವ ಚಟ ಬಿಡಿಸಿ, ಅದರಿಂದ ಕರಿಗುಡ್ಡೆಯ ಆಕಾರವೇ ಕೆಡಬಹುದು. ಯುನಾನಿಯಲ್ಲಿ ಸುರ್ಮಾ, ಗುಲಾಬ್ ಜಲಕ್ಕೆ ಹಳೆಯ ಹೆಸರಿದೆ ನಿಜ. ಆದರೂ ಕಣ್ಣು ಕೆಂಪಾದಾಗ ಅಂಗಡಿಯ ಗುಲಾಬ್ ಜಲ ಹಾಕಬೇಡಿ, ಅದು ಕಣ್ಣಿಗೆಂದು ಕ್ರಿಮಿರಹಿತವಾಗಿ ಮಾಡಿದ್ದಲ್ಲ. ಕೆಲವು ಸುರ್ಮಾಗಳಲ್ಲಿ ಸೀಸವಿರುತ್ತದೆ, ಮನೆಮಂದಿಗೆಲ್ಲ ಒಂದೇ ಕಡ್ಡಿಯಾದರೆ ಸೋಂಕೂ ಹರಡುತ್ತದೆ.

ನೋವು, ಮಂದ ದೃಷ್ಟಿ, ಬೆಳಕು ಸಹಿಸಲಾಗದಿರುವುದು, ಕೀವು, ಒಂದೇ ಕಣ್ಣು ಕೆಂಪಾಗುವುದು ಇವುಗಳಲ್ಲಿ ಯಾವುದಿದ್ದರೂ ಅಲರ್ಜಿ ಎಂದು ಕೂರದೆ ಅಂದೇ ನೇತ್ರ ವೈದ್ಯರ ಬಳಿ ಹೋಗಿ. ಇಂದೇ ನಿಮ್ಮ ಮನೆಯ ಔಷಧದ ಡಬ್ಬಿ ತೆರೆದು ನೋಡಿ. ಕಳೆದ ವರ್ಷದ ಹನಿ ಉಳಿದಿದ್ದರೆ ಎಸೆದುಬಿಡಿ.